ನಾಲ್ಕು ವರ್ಷ, ಎಂಬತ್ತು ಪೆನ್ನು: 7 ಎಂಎಂ ಸ್ಲಿಮ್‌ಲೈನ್ ಕಿಟ್, ಅಳತೆ ತಪ್ಪಿದಾಗ ಸರಿಮಾಡುವ ದಾರಿ

ಸ್ಲಿಮ್‌ಲೈನ್ ಎಂದರೆ ಕಿಟ್ ತಂದು ಮರದಲ್ಲಿ ಮಾಡುವ ತೆಳ್ಳನೆ ಬಾಲ್‌ಪೆನ್ನು. ಮರಕ್ಕೆ ತೂತು ಕೊರೆದು, ಹಿತ್ತಾಳೆ ಕೊಳವೆ ಅಂಟಿಸಿ, ಲೇತ್‌ನಲ್ಲಿ ಕೆತ್ತಿ, ಉಳಿದ ಭಾಗಗಳನ್ನು ಒತ್ತಿ ಕೂರಿಸುವುದು. ಅದರಲ್ಲಿ ಮರ ಎಷ್ಟು ದಪ್ಪ ಇರುತ್ತದೆ ಗೊತ್ತಾ? ಒಳಗಿನ ಹಿತ್ತಾಳೆ ಕೊಳವೆಯ ಹೊರ ಅಳತೆ ಸುಮಾರು 7 ಮಿ.ಮೀ. ಮೂತಿಯ ಹತ್ತಿರ ಮರ ಬಂದು ನಿಲ್ಲಬೇಕಾದ್ದು, ನನ್ನ ಬಳಿ ಇರುವ ಕಿಟ್‌ಗಳಲ್ಲಿ, 8.3 ಮಿ.ಮೀ ಆಸುಪಾಸು. ಲೆಕ್ಕ ಹಾಕಿ ನೋಡಿ. ಸುತ್ತ ಉಳಿಯುವ ಮರ ಬರೀ 0.65 ಮಿ.ಮೀ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಉಳಿ ಒಂದು ಸಲ ಜಾಸ್ತಿ ಕಚ್ಚಿದರೆ ಅದರಲ್ಲಿ ಅರ್ಧ ಹೋಗಿಬಿಡುತ್ತದೆ.

ಈ ಕಿಟ್‌ಗಳನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಮನೆ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಒಂದು ಚಿಕ್ಕ ಲೇತ್ ಇದೆ. ಮರಕ್ಕೆ ಮಲೆನಾಡಿನಲ್ಲಿ ಬರವಿಲ್ಲ. ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬೊಡ್ಡೆ, ಹಲಸು, ಹಳೇ ಬಾಗಿಲಿನ ತೇಗ, ಮುರಿದ ಮಂಚದ ಬೀಟೆ ಎಲ್ಲವೂ ಪೆನ್ನಾಗಿವೆ. ಇಲ್ಲಿಯವರೆಗೆ ಎಂಬತ್ತರ ಹತ್ತಿರ ಮಾಡಿದ್ದೇನೆ. ಅದರಲ್ಲಿ ಇಪ್ಪತ್ತಾದರೂ ಎಲ್ಲೋ ಒಂದು ಕಡೆ ಅಳತೆ ತಪ್ಪಿದವು. ಎಸೆದದ್ದು ಮಾತ್ರ ನಾಲ್ಕೇ.

ಕಿಟ್‌ನಲ್ಲಿ ಬರುವುದು ಎರಡು ಹಿತ್ತಾಳೆ ಕೊಳವೆ (ಒಂದೊಂದೂ ಸುಮಾರು 53 ಮಿ.ಮೀ ಉದ್ದ), ಮೂತಿ, ತಿರುಗಿಸಿದಾಗ ರೀಫಿಲ್ಲನ್ನು ಹೊರಗೆ ಒಳಗೆ ಮಾಡುವ ಮೆಕ್ಯಾನಿಸಂ, ನಡುವಿನ ಬಳೆ, ಕ್ಲಿಪ್, ತಲೆಯ ಗುಂಡಿ, ಒಂದು ಕ್ರಾಸ್ ಕಂಪನಿ ಮಾದರಿಯ ರೀಫಿಲ್. ಮರದ ಎರಡೂ ತುದಿಗೆ ಕೂರುವ ಲೋಹದ ಉಂಗುರ ಬುಶ್, ಮರವನ್ನು ಲೇತ್‌ನಲ್ಲಿ ಹಿಡಿಯುವ ಸರಳು ಮ್ಯಾಂಡ್ರೆಲ್, ತುದಿ ಸಪಾಟು ಮಾಡುವ ಪೆನ್ ಮಿಲ್ ಬೇರೆ ಕೊಳ್ಳಬೇಕು.

ಮೊದಲ ದೂರು ಬುಶ್ ಮೇಲೆ. ಮರವನ್ನು ಎಷ್ಟು ಸಣ್ಣ ಮಾಡಬೇಕು ಎಂದು ತೋರಿಸುವುದೇ ಅದರ ಕೆಲಸ. ಆದರೆ ಉಪ್ಪುಕಾಗದ ಹಿಡಿದಾಗಲೆಲ್ಲ ಮರದ ಜೊತೆ ಬುಶ್ ಕೂಡ ಸವೆಯುತ್ತದೆ. ಎರಡನೇ ವರ್ಷ ನನ್ನ ಪೆನ್ನುಗಳಲ್ಲಿ ಮೂತಿಯ ಲೋಹ ಮರಕ್ಕಿಂತ ಹೊರಗೆ ಚಾಚಿ ಬೆರಳಿಗೆ ತಾಗತೊಡಗಿತು. ಬುಶ್ ಅಳೆದು ನೋಡಿದರೆ 8.1. ಮೂತಿ ಮಾತ್ರ 8.3! ಇನ್ನೊಂದು ಸಲ ಬೇರೆ ಅಂಗಡಿಯಿಂದ ಅದೇ ಹೆಸರಿನ ಕಿಟ್ ತರಿಸಿದೆ. ಅದರ ನಡುವಿನ ಬಳೆಯೇ ಬೇರೆ ಅಳತೆ. ಆವತ್ತಿನಿಂದ ಪ್ರತಿ ಕಿಟ್ ಬಿಚ್ಚಿದ ಕೂಡಲೇ ಮೂತಿ, ಬಳೆ, ಕ್ಲಿಪ್ಪಿನ ತುದಿ ಮೂರನ್ನೂ ಡಿಜಿಟಲ್ ಕ್ಯಾಲಿಪರ್‌ನಲ್ಲಿ ಅಳೆದು ಚೀಟಿಯಲ್ಲಿ ಬರೆದು ಲೇತ್‌ಗೆ ಅಂಟಿಸುತ್ತೇನೆ. ಬುಶ್ ಈಗ ಮರವನ್ನು ಹಿಡಿದುಕೊಳ್ಳಲು ಮಾತ್ರ. ಅಳತೆ ಹೇಳುವುದು ಆ ಚೀಟಿ.

ಈಗಾಗಲೇ ಮರ ಸಣ್ಣದಾಗಿದ್ದರೆ? ಇದೇ ಎಲ್ಲರಿಗೂ ಆಗುವ ತಪ್ಪು, ಸರಿಮಾಡಲು ಸುಲಭವಾದದ್ದೂ ಹೌದು. ಫೆವಿಕ್ವಿಕ್ ಜಾತಿಯ ಅಂಟು, ಅಂದರೆ ಸಿಎ, ಪಾಲಿಶ್ ಆಗಿಯೂ ನಡೆಯುತ್ತದೆ. ಮೊದಲು ತೆಳು ಅಂಟಿನ ಎರಡು ಕೋಟ್. ಆಮೇಲೆ ಸ್ವಲ್ಪ ದಪ್ಪ ಅಂಟು, ಟಿಶ್ಯೂ ಕಾಗದದಲ್ಲಿ, ಲೇತ್ ನಿಧಾನವಾಗಿ ತಿರುಗುತ್ತಿರುವಾಗ. ನನ್ನ ಕೈಯಲ್ಲಿ ಹತ್ತು ಹನ್ನೆರಡು ಕೋಟಿಗೆ 0.2 ಮಿ.ಮೀ ಹತ್ತಿರ ಏರುತ್ತದೆ. ಬೇಕಾದ್ದಕ್ಕಿಂತ ತುಸು ಮೇಲೆ ಹೋಗಿ, ಮತ್ತೆ ಉಪ್ಪುಕಾಗದದಲ್ಲಿ ಇಳಿಸಬೇಕು. ಒಂದೊಂದು ಕೋಟೂ ಪೂರ್ತಿ ಒಣಗಲಿ. ಅವಸರ ಮಾಡಿದರೆ ಒಳಗೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಕಾಣುತ್ತದೆ. ಕಿಟಕಿ ತೆಗೆದಿರಲಿ, ಕನ್ನಡಕ ಹಾಕಿರಲಿ. ಅದರ ಹೊಗೆ ಕಣ್ಣಿಗೆ ತುಂಬಾ ಉರಿ.

ಇದು 0.3 ಮಿ.ಮೀ ವರೆಗಿನ ತಪ್ಪಿಗೆ ಸರಿ. ಅದಕ್ಕೂ ಜಾಸ್ತಿ ಹೋಗಿದ್ದರೆ ಮರವನ್ನು ಉಳಿಸಲು ಒದ್ದಾಡಬೇಡಿ, ಕೊಳವೆಯನ್ನು ಉಳಿಸಿಕೊಳ್ಳಿ. ಲೇತ್ ಮೇಲೆಯೇ ಮರವನ್ನೆಲ್ಲ ಕೆತ್ತಿ ಹಿತ್ತಾಳೆ ಕಾಣುವವರೆಗೆ ಹೋಗಿ, ಉಳಿದ ಅಂಟನ್ನು ಅಸಿಟೋನ್‌ನಲ್ಲಿ ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡಿ. ಅದೇ ಕೊಳವೆಗೆ ಹೊಸ ಮರ ಅಂಟಿಸಬಹುದು.

ಉದ್ದದ ತಪ್ಪು ಇದಕ್ಕಿಂತ ಕಷ್ಟ. ಪೆನ್ ಮಿಲ್ಲಿನಲ್ಲಿ ಮರದ ತುದಿ ಸವರುತ್ತಾ ಹೋದಂತೆ ಹಿತ್ತಾಳೆ ಮಿಂಚುತ್ತದೆ. ಅಲ್ಲೇ ನಿಲ್ಲಿಸಬೇಕು. ಒಂದು ಸಲ ಡ್ರಿಲ್‌ಗೆ ಹಾಕಿ ಜೋರಾಗಿ ಒತ್ತಿ, ಮೇಲಿನ ಭಾಗದ ಕೊಳವೆಯನ್ನೇ ಒಂದೂವರೆ ಮಿ.ಮೀ ತಿಂದುಬಿಟ್ಟೆ. ಜೋಡಿಸಿದರೆ ಮೆಕ್ಯಾನಿಸಂ ಹೋಗಿ ಕ್ಲಿಪ್ಪಿನ ಬುಡಕ್ಕೆ ತಾಗಿತು, ಎರಡು ಭಾಗ ಸೇರಲೇ ಇಲ್ಲ. ಹಳೇ ಕೊಳವೆಯಿಂದ ಅಷ್ಟೇ ಅಗಲದ ಉಂಗುರ ಕತ್ತರಿಸಿ, ಅದರ ಹೊರಗೆ ಹಲಸಿನ ಚಿಕ್ಕ ಬಿಲ್ಲೆ ಕೂರಿಸಿ, ತುದಿಗೆ ಅಂಟಿಸಿ ಮತ್ತೆ ಕೆತ್ತಿದೆ. ಕಪ್ಪು ಬೀಟೆಯ ಮೇಲೆ ಹಳದಿ ಗೆರೆ. ಆ ಪೆನ್ನು ಚಿಕ್ಕಪ್ಪನ ಜೇಬಿನಲ್ಲಿದೆ. ಅದನ್ನು ನೋಡಿದ ಮೇಲೆ ಹಾಗೇ ಬೇಕು ಎಂದು ಇಬ್ಬರು ಕೇಳಿ ಮಾಡಿಸಿಕೊಂಡರು.

ಕೆಳಗಿನ ಕೊಳವೆ ಗಿಡ್ಡ ಆದರೆ ಹೆದರಬೇಡಿ. ಮೆಕ್ಯಾನಿಸಂ ಎಷ್ಟು ಒಳಗೆ ಹೋಗಬೇಕು ಎಂಬುದನ್ನು ಕೊಳವೆಯ ಅಂಚಿನಿಂದ ಅಳೆಯದೆ ಮೂತಿಯ ತುದಿಯಿಂದ ಅಳೆಯಿರಿ. ಆಗ ಅದು ತಾನಾಗಿ ಸರಿಹೋಗುತ್ತದೆ.

ಆ ಮೆಕ್ಯಾನಿಸಂ ಒತ್ತುವ ಹೊತ್ತು ಬಂದರೆ ಇವತ್ತಿಗೂ ನನಗೆ ಉಸಿರು ಬಿಗಿಯಾಗುತ್ತದೆ. ಜಾಸ್ತಿ ಒತ್ತಿದರೆ ರೀಫಿಲ್ ಮುಳ್ಳು ಒಳಗೆ ಹೋಗುವುದೇ ಇಲ್ಲ, ಅಂಗಿಯ ಜೇಬೆಲ್ಲ ಮಸಿ. ಕಮ್ಮಿ ಒತ್ತಿದರೆ ಇನ್ನೊಮ್ಮೆ ಒತ್ತಬಹುದು, ಅಲ್ವಾ? ಹಾಗಾಗಿ ಯಾವಾಗಲೂ ಕಮ್ಮಿಯಿಂದ ಶುರು. ವೈಸ್‌ನಲ್ಲಿ ಸ್ವಲ್ಪ ಒತ್ತಿ, ರೀಫಿಲ್ ತಿರುಪಿ, ತಿರುಗಿಸಿ ನೋಡಿ. ಸಾಲದಿದ್ದರೆ ಮತ್ತೆ ಅರ್ಧ ಮಿ.ಮೀ. ಆಳ ಜಾಸ್ತಿಯೇ ಆಗಿಹೋದರೆ ನನಗೆ ಗೊತ್ತಿರುವುದು ಒಂದೇ ದಾರಿ. ರೀಫಿಲ್ ತೆಗೆದು, ಹೊರಗೆ ಕಾಣುವ ಹಿತ್ತಾಳೆ ಭಾಗಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ, ಇಕ್ಕಳದಲ್ಲಿ ಹಿಡಿದು, ಮೆಲ್ಲಗೆ ತಿರುಚುತ್ತಾ ಎಳೆಯುವುದು. ಮೂರು ಸಲ ಮಾಡಿದ್ದೇನೆ. ಎರಡು ಸಲ ಬಂತು. ಮೂರನೆಯದು ಮುರಿಯಿತು, ಬೇರೆ ಕಿಟ್‌ನದು ಹಾಕಬೇಕಾಯಿತು.

ತೂತಿನ ವಿಷಯ. ಸ್ಲಿಮ್‌ಲೈನ್‌ಗೆ 7 ಎಂಎಂ ಬಿಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅದೇ ಈ ಕಿಟ್‌ನ ದೊಡ್ಡ ಅನುಕೂಲ. ನಡುವೆ ಆಸೆಗೆ ಸಿಯೆರಾ ಎಂಬ ಇನ್ನೊಂದು ಬಗೆಯ, ದಪ್ಪ ಪೆನ್ನಿನ ಕಿಟ್ ತರಿಸಿದ್ದೆ. ಅದಕ್ಕೆ ಇಂಚಿನ ಲೆಕ್ಕದ 27/64 ಬಿಟ್ ಬೇಕು, ಅಂದರೆ 10.7 ಮಿ.ಮೀ. ನಮ್ಮೂರಿನ ಅಂಗಡಿಯಲ್ಲಿ 10.5 ಇದೆ, 11 ಇದೆ. 11ರಲ್ಲಿ ಕೊರೆದೆ, ಕೊಳವೆ ಗಲಗಲ ಅಂದಿತು. ಸಿಎ ಅಂಟು ಇಂಥ ಸಂದಿಯನ್ನು ತುಂಬುವುದಿಲ್ಲ. ಎರಡು ಟ್ಯೂಬಿನ ಅರಾಲ್ಡೈಟ್‌ಗೆ ಅದೇ ಮರದ ಪುಡಿ ಕಲಸಿ, ಕೊಳವೆಯ ಎರಡು ತುದಿಗೆ ಒಂದೊಂದು ಸುತ್ತು ದಾರ ಸುತ್ತಿ ನಡುವಿಗೆ ತಂದು, ರಾತ್ರಿಯೆಲ್ಲ ಬಿಟ್ಟೆ. ಎರಡು ವರ್ಷವಾಯಿತು, ಇನ್ನೂ ಗಟ್ಟಿಯಾಗಿದೆ.

ಕೊಳವೆ ಅರ್ಧ ಹೋಗಿ ಅಂಟು ಕಚ್ಚಿಕೊಂಡಿತು ಎಂದರೆ ಅಳಬೇಡಿ. ಹೊರಗೆ ಉಳಿದದ್ದನ್ನು ಸಣ್ಣ ಹಲ್ಲಿನ ಗರಗಸದಲ್ಲಿ ಮರದ ಮಟ್ಟಕ್ಕೆ ಕತ್ತರಿಸಿ, ಅಂಚನ್ನು ಅರದಲ್ಲಿ ಉಜ್ಜಿ, ಆ ತುಂಡನ್ನು ಇನ್ನೊಂದು ತುದಿಯಿಂದ ತೂರಿಸಿ ಅಂಟಿಸಿ. ಒಳಗಿನ ಕೂಡುಗೆರೆ ಯಾರಿಗೂ ಕಾಣುವುದಿಲ್ಲ. ಕೊಳವೆಯೊಳಗೆ ಅಂಟು ಹೋಗಿದ್ದರೆ ದುಂಡು ಅರದಲ್ಲಿ ಕೆರೆಯದೆ ಏನನ್ನೂ ಒತ್ತಬೇಡಿ. ಆ ಚೂರು ಅಂಟಿಗೇ ಮರ ಸೀಳಿಬಿಡುತ್ತದೆ. ನಾನು ಈಗ ಅಂಟಿಸುವ ಮೊದಲು ಕೊಳವೆಯ ಬಾಯನ್ನು ಆಲೂಗಡ್ಡೆ ಹೋಳಿಗೆ ಒತ್ತಿ ಬಿರಡೆ ಹಾಕುತ್ತೇನೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕೆತ್ತಿ ಮೂತಿಗೆ ಸಮ ಮಾಡಿದ ಹಲಸು, ಬೇಸಿಗೆಯಲ್ಲಿ ಒಣಗಿ ಸಣ್ಣ ಬಿರುಕು ಬಿಟ್ಟಿತ್ತು. ಈಗ ಮರದ ತುಂಡುಗಳನ್ನು ಒಂದು ವರ್ಷ ಅಟ್ಟದ ಮೇಲೆ ಇಟ್ಟೇ ಮುಟ್ಟುವುದು. ಬೀಟೆಯಲ್ಲಿ ಎಣ್ಣೆ ಜಾಸ್ತಿ. ಅಂಟು ಹಾಕುವ ಮೊದಲು ಅಸಿಟೋನ್‌ನಲ್ಲಿ ಒರೆಸಿ.

ಕಿಟ್ ಗುಣ ಹೇಳಬೇಕೆಂದರೆ, ಚಿನ್ನದ ಬಣ್ಣದ ಲೇಪನ ದಿನಾ ಬಳಸುವ ಪೆನ್ನಿನಲ್ಲಿ ಎರಡು ವರ್ಷಕ್ಕೆ ಸವೆದು ಹಿತ್ತಾಳೆ ಕಂಡಿದೆ. ಕ್ರೋಮ್ ಮತ್ತು ಕಪ್ಪು ಗನ್‌ಮೆಟಲ್ ಹಾಗೇ ಇವೆ. ಕಿಟ್ ಜೊತೆ ಬರುವ ರೀಫಿಲ್ ಒಣಕಲು. ಅದನ್ನು ಅಳತೆ ನೋಡಲು ಇಟ್ಟುಕೊಂಡು ಬೇರೆ ಒಳ್ಳೆಯದು ಹಾಕಿ. ಹತ್ತು ಕಿಟ್ ತರಿಸಿದರೆ ಜೊತೆಗೆ ಐದು ಜೋಡಿ ಬಿಡಿ ಕೊಳವೆ, ಎರಡು ಬಿಡಿ ಮೆಕ್ಯಾನಿಸಂ ತರಿಸಿ. ಈ ಸಲ ನಾನು ತರಿಸಿದ ಪೊಟ್ಟಣದಲ್ಲಿ ಬುಶ್ ಇಲ್ಲ. ಆ ದುಡ್ಡಿಗೆ ಕ್ಯಾಲಿಪರ್‌ನ ಬ್ಯಾಟರಿ ತಂದೆ.