ತಾಮ್ರದ ಬಟ್ಟಿ ಪಾತ್ರೆ (10 ಲೀಟರ್): ಕೆಲವು ಮಳೆಗಾಲ ಕಳೆದ ಮೇಲೆ

ಹೂವು-ಸೊಪ್ಪಿನಿಂದ ಸುಗಂಧದ ಎಣ್ಣೆ ತೆಗೆದು ಮಾರುವ ಆಸೆಯಿದ್ದರೆ ಈ ಪಾತ್ರೆ ಬೇಡ. ಪರಿಮಳದ ನೀರು ಬೇಕು ಅಂದರೆ ಧೈರ್ಯವಾಗಿ ತಗೊಳ್ಳಿ. ಮಡಿಕೇರಿ ಹತ್ತಿರ ನಮ್ಮ ತೋಟದ ಮನೆಯಲ್ಲಿ ಬಳಸುತ್ತಾ ಬಂದು ಹೇಳುತ್ತಿದ್ದೇನೆ.

ಲೆಕ್ಕ ನೋಡಿ. ಹಸಿ ಮಜ್ಜಿಗೆ ಹುಲ್ಲಿನಲ್ಲಿ ಎಣ್ಣೆ ಇರುವುದೇ ತೂಕದ ನೂರಕ್ಕೆ ಅರ್ಧ ಪಾಲಿನಷ್ಟು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಕತ್ತರಿಸಿ ಒತ್ತಿ ತುಂಬಿದರೂ ಈ ಪಾತ್ರೆ 2 ಕಿಲೋ ಹಿಡಿದರೆ ಜಾಸ್ತಿ. ಕೈಗೆ ಬರುವುದು ಒಂದು ಚಮಚ ಎಣ್ಣೆ. ಹುಲ್ಲನ್ನು ಕೊಯ್ದು ಒಂದು ದಿನ ನೆರಳಲ್ಲಿ ಬಾಡಿಸಿದರೆ ಪಾತ್ರೆಗೆ ಹೆಚ್ಚು ಹಿಡಿಯುತ್ತದೆ, ಅಷ್ಟೇ ಲಾಭ. ಗುಲಾಬಿಯ ಕಥೆ ಇನ್ನೂ ಕಷ್ಟ. 1 ಕಿಲೋ ಎಣ್ಣೆಗೆ 3ರಿಂದ 4 ಸಾವಿರ ಕಿಲೋ ಹೂವು ಬೇಕು. ಮನೆ ಅಂಗಳದ ಹೂವಿಗೆ ಎಣ್ಣೆ ಕಣ್ಣಿಗೂ ಬೀಳುವುದಿಲ್ಲ.

ಆದರೆ ಅದೇ ಹೂವಿನ ಪನ್ನೀರು! ಇಳಿಸಿದ ದಿನ ಸ್ವಲ್ಪ ಬೆಂದ ಸೊಪ್ಪಿನ ವಾಸನೆ ಇರುತ್ತದೆ. ಮುಚ್ಚಿ ಫ್ರಿಜ್ಜಿನಲ್ಲಿ ಒಂದೆರಡು ವಾರ ಬಿಡಿ, ಹೂವಿನ ವಾಸನೆ ಮೇಲೆ ಬರುತ್ತದೆ. ಇದರಲ್ಲಿ ಕೆಡದಂತೆ ತಡೆಯುವುದು ಏನೂ ಇಲ್ಲ. ಹಾಗಾಗಿ ಕುದಿಸಿದ ಬಾಟಲಿ, ಸಣ್ಣ ಸಣ್ಣ ಪಾಲು. ಮೋಡ ಕವಿದಂತೆ ಮಂಕಾದರೆ ಚೆಲ್ಲಿಬಿಡಿ.

ಕೊಳವೆಯಲ್ಲಿ ಬರುವ ಆವಿಯನ್ನು ತಣಿಸಿ ಹನಿ ಮಾಡುವ ತಣ್ಣೀರೇ ಇದರ ಪ್ರಾಣ. ಮಳೆಗಾಲದಲ್ಲಿ ನಮ್ಮ ಪೈಪಿನ ನೀರು ಕೈ ಕೊರೆಯುವಷ್ಟು ತಣ್ಣಗಿರುತ್ತದೆ, ಕೆಲಸ ಸರಾಗ. ಮಾರ್ಚ್-ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು ಬೆಚ್ಚಗೆ. ಕೊಳವೆಯಿಂದ ಬೀಳುವ ಹನಿಯೂ ಬಿಸಿಯಾದರೆ ಪರಿಮಳ ಆವಿಯ ಜೊತೆ ಹೊರಗೆ ಹೋಗುತ್ತದೆ. ಆಗ ಬೆಳಗಿನ ಜಾವವೇ ಸರಿ, ಉರಿಯೂ ಸಣ್ಣಗಿರಬೇಕು. ಒಂದು ಮಾತು: ಮಳೆಗಾಲದಲ್ಲಿ ಕರೆಂಟ್ ನಂಬಿ ಎಲೆಕ್ಟ್ರಿಕ್ ಒಲೆಯ ಮಾದರಿ ತಗೋಬೇಡಿ. ಗ್ಯಾಸ್ ಆದರೆ ನಡುವೆ ನಿಲ್ಲುವುದಿಲ್ಲ.

ನನ್ನ ದೊಡ್ಡ ದೂರು ಇದರ ಜೊತೆ ಬರುವ ಎಣ್ಣೆ ಬೇರ್ಪಡಿಸುವ ಗಾಜಿನ ಪಾತ್ರೆಯ ಬಗ್ಗೆ. ಮೇಲೆ ತೇಲುವ ಎಣ್ಣೆಗೆ ಮಾತ್ರ ಅದು ಸರಿ. ಮಜ್ಜಿಗೆ ಹುಲ್ಲು, ಕಿತ್ತಳೆ ಸಿಪ್ಪೆ, ನೀಲಗಿರಿ ಎಲ್ಲ ತೇಲುತ್ತವೆ. ದಾಲ್ಚಿನ್ನಿ ಎಲೆಯ ಎಣ್ಣೆ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತದೆ, ಲವಂಗದ್ದೂ ಹಾಗೇ. ತೋಟದಲ್ಲಿ ಮಸಾಲೆ ಬೆಳೆಯುವ ಊರಿಗೆ ಮಾರುವವರು ತಳದಲ್ಲೂ ನಲ್ಲಿ ಇರುವುದನ್ನು ಕೊಡಬೇಕಲ್ವಾ? ನಾನು ಬೇರೆ ಕೊಂಡೆ. ಲಾವಂಚದ ಬೇರನ್ನಂತೂ ಇದಕ್ಕೆ ಹಾಕಬೇಡಿ. ಅದರ ಎಣ್ಣೆ ಬಿಡಲು ಹಗಲು-ರಾತ್ರಿ ಉರಿ ಬೇಕು.

ಮುಚ್ಚಳದ ಸಂದಿಗೆ ಗೋಧಿ ಹಿಟ್ಟಿನ ಕಣಕ ಸಾಕು, ಆವಿ ಒಂದಿಷ್ಟೂ ಸೋರುವುದಿಲ್ಲ. ತಾಮ್ರ ನಮ್ಮ ಮಳೆಯ ತೇವಕ್ಕೆ ಹಸಿರು ಹಿಡಿಯುತ್ತದೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ತೊಳೆದು, ಬರೀ ನೀರನ್ನು ಒಮ್ಮೆ ಇಳಿಸಿ ಚೆಲ್ಲಿ, ಪೂರ್ತಿ ಒಣಗಿಸಿ ಇಡಿ. ಈ ಕೆಲಸಕ್ಕೆ ಬೇಜಾರು ಪಡುವವರು ಸ್ಟೀಲಿನದೇ ತಗೊಳ್ಳಿ. ನನಗೆ ತಾಮ್ರವೇ ಇಷ್ಟ, ಸೊಪ್ಪಿನ ಗಂಧಕದ ಕೆಟ್ಟ ವಾಸನೆಯನ್ನು ಅದು ಹಿಡಿದಿಟ್ಟುಕೊಂಡು ನೀರಿಗೆ ಬಿಡುವುದಿಲ್ಲ.

ಮಕ್ಕಳಿರುವ ಮನೆಯವರು ಗಮನಿಸಿ: ದಾಲ್ಚಿನ್ನಿ ಎಲೆಯ ಎಣ್ಣೆ ನೇರವಾಗಿ ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ತುಂಬಾ ತೆಳು ಮಾಡದೆ ಮುಟ್ಟಬೇಡಿ, ಬಾಟಲಿಯನ್ನು ಎತ್ತರದಲ್ಲಿ ಇಡಿ.