ಇಂಗ್ಲೆಂಡಿನಲ್ಲಿ ಹಿರಿಯರನ್ನು ಕೇರ್ ಹೋಮಿಗೆ ಸೇರಿಸುತ್ತಿದ್ದೀರಾ? ಅಟೆಂಡೆನ್ಸ್ ಅಲೋವೆನ್ಸಿನ 28 ದಿನದ ಲೆಕ್ಕ ಮೊದಲು ತಿಳಿದುಕೊಳ್ಳಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ, ಅದರಲ್ಲೂ ಎಂಬತ್ತರ ಆಸುಪಾಸಿನ ಹಿರಿಯರಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅಪ್ಪನೋ ಅತ್ತೆಯೋ ಕೇರ್ ಹೋಮ್ ಸೇರುವಾಗ, ಅವರಿಗೆ ಬರುತ್ತಿರುವ ಅಟೆಂಡೆನ್ಸ್ ಅಲೋವೆನ್ಸಿನ (ಆಸರೆ ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಹಣ) ವಿಷಯ "ನಾವು ನೋಡ್ಕೋತೀವಿ" ಅಂತ ಕೌನ್ಸಿಲ್‌ನವರು ಹೇಳಬಹುದು, ಹೋಮಿನ ಮ್ಯಾನೇಜರ್ ಹೇಳಬಹುದು. ಅದನ್ನು ನಂಬಿ ಸುಮ್ಮನಿರಬೇಡಿ. ಹಣ ಕೊಡುವುದು ಡಿಡಬ್ಲ್ಯೂಪಿ, ಅಂದರೆ ಪಿಂಚಣಿ-ಭತ್ಯೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ. ಅವರಿಗೆ ನೀವೇ ತಿಳಿಸಬೇಕು. ಫೋನ್ ಮಾಡಿದ ಮೇಲೂ ಒಂದು ಕಾಗದ ಬರೆದು ಹಾಕಿ, ಅದರ ನಕಲು ಇಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ನಮ್ಮ ಮಾವ ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದವರು, ಈಗಿಲ್ಲ. ಅತ್ತೆ ಒಬ್ಬರೇ ಸ್ವಂತ ಮನೆಯಲ್ಲಿದ್ದರು. ನಾದಿನಿ ಹತ್ತಿರದಲ್ಲೇ ಇದ್ದು ಸ್ನಾನ, ಊಟ, ಮಾತ್ರೆ ಎಲ್ಲ ನೋಡಿಕೊಳ್ಳುತ್ತಿದ್ದಳು. ಅತ್ತೆಗೆ ಅಟೆಂಡೆನ್ಸ್ ಅಲೋವೆನ್ಸಿನ ಹೆಚ್ಚಿನ ದರ ಬರುತ್ತಿತ್ತು. 2025-26ರಲ್ಲಿ ಅದು ವಾರಕ್ಕೆ 110.40 ಪೌಂಡು, ಕಡಿಮೆ ದರ 73.90. ಆಸ್ತಿ, ಆದಾಯ ಯಾವುದನ್ನೂ ನೋಡದೆ, ಪಿಂಚಣಿ ವಯಸ್ಸು ದಾಟಿದವರಿಗೆ ಇನ್ನೊಬ್ಬರ ಆಸರೆ ಎಷ್ಟು ಬೇಕು ಅನ್ನುವುದರ ಮೇಲೆ ಕೊಡುವ ಹಣ ಇದು. ಅತ್ತೆಗೆ ಇದು ಬರುತ್ತಿದ್ದರಿಂದಲೇ ನಾದಿನಿಗೆ ಕೇರರ್ಸ್ ಅಲೋವೆನ್ಸ್ (ನೋಡಿಕೊಳ್ಳುವವರಿಗೆ ಕೊಡುವ ಭತ್ಯೆ) ವಾರಕ್ಕೆ 83.30 ಪೌಂಡು ಸಿಗುತ್ತಿತ್ತು. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ ಅನ್ನುವುದನ್ನು ಇಲ್ಲೇ ಗಮನಿಸಿಕೊಳ್ಳಿ.

2025ರ ಬೇಸಿಗೆಯಲ್ಲಿ ಅತ್ತೆ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮೂರು ವಾರದಷ್ಟು ಆಸ್ಪತ್ರೆಯಲ್ಲಿದ್ದರು. ಮನೆಗೆ ಕರೆತಂದೆವು, ಆದರೆ ರಾತ್ರಿ ಹೊತ್ತು ಎದ್ದು ಓಡಾಡಲು ಹೋಗಿ ಮತ್ತೆ ಬೀಳುವ ಹಾಗಾಯಿತು. ಹತ್ತು-ಹನ್ನೆರಡು ದಿನದೊಳಗೆ ಕೇರ್ ಹೋಮಿಗೆ ಸೇರಿಸಲೇಬೇಕಾಯಿತು. ಸೋಷಿಯಲ್ ವರ್ಕರ್ ಬಂದರು, ಹಣಕಾಸು ವಿಚಾರಿಸಲು ಕೌನ್ಸಿಲ್‌ನಿಂದ ಇನ್ನೊಬ್ಬರು ಬಂದರು. ಅವರು ನಮ್ಮ ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳ ಫೋಟೋ ತೆಗೆದುಕೊಂಡು, "ಹೋಮ್ ಸೇರಿ ನಾಲ್ಕು ವಾರ ಆದ ಮೇಲೆ ಅಟೆಂಡೆನ್ಸ್ ಅಲೋವೆನ್ಸ್ ತಾನಾಗಿಯೇ ನಿಲ್ಲುತ್ತೆ, ಸಂಬಂಧಪಟ್ಟವರಿಗೆಲ್ಲ ನಾವೇ ತಿಳಿಸ್ತೀವಿ" ಅಂದರು. ನಮ್ಮನೆಯವರು ಮತ್ತೊಮ್ಮೆ ಕೇಳಿದರು. ಮತ್ತೂ ಅದೇ ಉತ್ತರ.

ಆ ಮಾತು ಎರಡು ಕಡೆ ತಪ್ಪಿತ್ತು.

ಮೊದಲನೆಯದು 28 ದಿನದ ಎಣಿಕೆ. ಕೌನ್ಸಿಲ್ ಖರ್ಚು ಹಾಕಿಕೊಂಡಿರುವ ಹೋಮಿನಲ್ಲಿ 28 ದಿನ ಕಳೆದರೆ ಅಲೋವೆನ್ಸ್ ನಿಲ್ಲುತ್ತದೆ, ಸರಿ. ಎನ್‌ಎಚ್‌ಎಸ್ ಆಸ್ಪತ್ರೆಯಲ್ಲಿ 28 ದಿನ ಕಳೆದರೂ ನಿಲ್ಲುತ್ತದೆ. ಆದರೆ ಇವೆರಡೂ ಬೇರೆ ಬೇರೆ ಖಾತೆ ಅಲ್ಲ. ನಡುವೆ ಮನೆಯಲ್ಲಿದ್ದ ಅವಧಿ 28 ದಿನಕ್ಕಿಂತ ಹೆಚ್ಚಿಲ್ಲದಿದ್ದರೆ ಆಸ್ಪತ್ರೆಯ ದಿನಗಳನ್ನೂ ಹೋಮಿನ ದಿನಗಳನ್ನೂ ಕೂಡಿಸಿ ಎಣಿಸುತ್ತಾರೆ. ಅತ್ತೆಯ ಮೂರು ವಾರ ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು. ಹೋಮ್ ಸೇರಿ ಒಂದು ವಾರಕ್ಕೇ ಲೆಕ್ಕ ಮುಗಿದಿತ್ತು. ರೆಸ್ಪೈಟ್ ಅಂತ, ನೋಡಿಕೊಳ್ಳುವವರಿಗೆ ಬಿಡುವು ಸಿಗಲೆಂದು, ಆಗಾಗ ಒಂದೆರಡು ವಾರ ಕೌನ್ಸಿಲ್ ಖರ್ಚಿನಲ್ಲಿ ಬಿಟ್ಟು ಬರುವವರಿಗೂ ಇದೇ ನಿಯಮ. ಸೇರಿದ ದಿನ, ಹೊರಟ ದಿನ ಎರಡನ್ನೂ ಮನೆಯ ದಿನ ಅಂತಲೇ ಹಿಡಿಯುತ್ತಾರೆ. ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಿ.

ಎರಡನೆಯದು "ನಾವೇ ತಿಳಿಸ್ತೀವಿ" ಅಂದಿದ್ದು. ಯಾರೂ ತಿಳಿಸಲಿಲ್ಲ. ನಾಲ್ಕು ವಾರಕ್ಕೊಮ್ಮೆ ಹಣ ಅತ್ತೆಯ ಖಾತೆಗೆ ಬೀಳುತ್ತಲೇ ಇತ್ತು. ಇನ್ನೊಂದು ಕಡೆ ಅದೇ ಕೌನ್ಸಿಲ್, ಆ ಅಲೋವೆನ್ಸನ್ನೂ ಅತ್ತೆಯ ಆದಾಯ ಅಂತ ಹಿಡಿದು, ಪಿಂಚಣಿಯ ಜೊತೆ ಸೇರಿಸಿ ವಾರವಾರದ ಪಾಲು ವಸೂಲಿ ಮಾಡುತ್ತಿತ್ತು. ಹೋಮಿನಲ್ಲಿ ಕಾಯಂ ಆಗಿ ಇರುವವರ ಕೈಗೆ ಖರ್ಚಿಗೆ ಅಂತ ಉಳಿಸುತ್ತಿದ್ದುದು 2025-26ರಲ್ಲಿ ವಾರಕ್ಕೆ 30.65 ಪೌಂಡು ಮಾತ್ರ. ಕೂದಲು ಕತ್ತರಿಸಲು, ಬಟ್ಟೆಗೆ, ಊರಿಗೆ ಫೋನಿಗೆ, ಎಲ್ಲಕ್ಕೂ ಅದೇ. ಹೀಗಾಗಿ ಬಂದ ಅಲೋವೆನ್ಸ್ ಅತ್ತೆಯ ಕೈಯಲ್ಲಿ ನಿಲ್ಲಲೇ ಇಲ್ಲ. ಆಮೇಲೆ, ಸುಮಾರು ಹನ್ನೆರಡು ವಾರ ಆಗುವ ಹೊತ್ತಿಗೆ, ಹೆಚ್ಚಾಗಿ ಬಂದ ಹಣ ವಾಪಸ್ ಕೊಡಿ ಅಂತ ಕಾಗದ ಬಂತು. 1,200 ಪೌಂಡಿಗೂ ಮೇಲೆ. ಬೆನ್ನಿಗೇ ನಾದಿನಿಗೆ ಇನ್ನೊಂದು ಕಾಗದ, ಕೇರರ್ಸ್ ಅಲೋವೆನ್ಸಿನ 900 ಪೌಂಡಿನ ಚಿಲ್ಲರೆಗೆ.

ಅತ್ತೆಯ ಹೆಸರಿಗೆ ಬಂದ ಕಾಗದವನ್ನು ಹೋಮಿನವರು ನೇರ ಅವರ ಕೈಗೇ ಕೊಟ್ಟುಬಿಟ್ಟಿದ್ದರು. ನಾವು ಹೋದಾಗ ಕನ್ನಡಕ ಹಾಕಿಕೊಂಡು ಅದನ್ನೇ ಓದುತ್ತಾ ಕೂತಿದ್ದರು. ಜೀವನವಿಡೀ ಹಾಲಿನ ಲೆಕ್ಕ, ಚೀಟಿ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟವರು. "ಏನಮ್ಮಾ, ಸರ್ಕಾರದ ದುಡ್ಡು ನಾನು ತಿಂದೆ ಅಂತ ಬರೆದಿದ್ದಾರಾ?" ಅಂತ ಕೇಳಿದರು. ಆ ವಯಸ್ಸಿನಲ್ಲಿ, ಆ ನೋವಿನಲ್ಲಿ ಇರುವವರಿಗೆ ಇಂಥ ಪ್ರಶ್ನೆ ಕೇಳಿಕೊಳ್ಳುವ ಹಾಗೆ ಮಾಡಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಕಾನೂನಿನ ಪ್ರಕಾರ ಬದಲಾವಣೆ ತಿಳಿಸುವ ಹೊಣೆ ಅಲೋವೆನ್ಸ್ ಪಡೆಯುವವರದು, ಅಥವಾ ಅವರ ಪರವಾಗಿ ಅಪಾಯಿಂಟಿ ಆಗಿರುವವರದು. ಕೌನ್ಸಿಲ್ ಅಧಿಕಾರಿಗೆ ಹೇಳಿದ್ದು ಡಿಡಬ್ಲ್ಯೂಪಿಗೆ ಹೇಳಿದ ಹಾಗಲ್ಲ. ಆದರೂ ಇಂಥ ಕಾಗದ ಬಂದರೆ ಹೆದರಿ ತಕ್ಷಣ ಚೆಕ್ ಬರೆಯಬೇಡಿ. ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಷನ್ (ತೀರ್ಮಾನವನ್ನು ಡಿಡಬ್ಲ್ಯೂಪಿಯೇ ಮತ್ತೆ ಪರಿಶೀಲಿಸುವುದು) ಕೇಳಬಹುದು, ಅದೂ ಆಗದಿದ್ದರೆ ಟ್ರಿಬ್ಯುನಲ್‌ಗೆ ಹೋಗಬಹುದು. ಯಾವ ತಾರೀಖಿನಿಂದ ಎಣಿಸಿದ್ದಾರೆ, ಮೊತ್ತ ಸರಿಯಿದೆಯೇ ಅಂತ ಕೂತು ನೋಡಿ. ನಮ್ಮಲ್ಲಿ ಹಣ ಸಿಕ್ಕಿದ್ದು ಕೌನ್ಸಿಲ್ ಕಡೆಯಿಂದ. ಕೈಗೆ ಬರಬಾರದಿದ್ದ ಅಲೋವೆನ್ಸನ್ನು ಆದಾಯ ಅಂತ ಹಿಡಿದು ಪಾಲು ತೆಗೆದುಕೊಂಡಿದ್ದೀರಿ, ಆ ವಾರಗಳ ಲೆಕ್ಕವನ್ನು ಹೊಸದಾಗಿ ಮಾಡಿ ಅಂತ ಲಿಖಿತ ದೂರು ಕೊಟ್ಟೆವು. ಬಹಳ ಓಡಾಡಿದ ಮೇಲೆ ಹೆಚ್ಚುವರಿ ಪಾಲು ಹಿಂದಿರುಗಿಸಿದರು. ಅದರಿಂದಲೇ ಅತ್ತೆಯ ಬಾಕಿ ತೀರಿತು. ಈ ದಾರಿ ಇದೆ ಅಂತ ನಮಗೆ ಹೇಳಿದ್ದು ಸಿಟಿಜನ್ಸ್ ಅಡ್ವೈಸ್‌ನಲ್ಲಿ ಸಿಕ್ಕ ಒಬ್ಬ ಹಿರಿಯ ಸ್ವಯಂಸೇವಕಿ. ಏಜ್ ಯುಕೆಯವರೂ ಇಂಥದ್ದಕ್ಕೆ ಉಚಿತವಾಗಿ ಸಲಹೆ ಕೊಡುತ್ತಾರೆ.

ಆಕೆಯೇ ಇನ್ನೊಂದು ಮಾತು ಹೇಳಿದರು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹೋಮ್ ಸೇರಿದರೆ ಅಲೋವೆನ್ಸ್ ಹೋಯಿತು ಅನ್ನುವುದೇ ತಪ್ಪು. ಹೋಮಿನ ಖರ್ಚು ಯಾರು ಕೊಡುತ್ತಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಆಸ್ತಿ ಇದ್ದರೆ ಪೂರ್ತಿ ಖರ್ಚು ನಿಮ್ಮದೇ, ಆಗ ಅಲೋವೆನ್ಸ್ ಒಂದು ದಿನವೂ ನಿಲ್ಲಬೇಕಾಗಿಲ್ಲ. ನರ್ಸಿಂಗ್ ಹೋಮಿಗೆ ಎನ್‌ಎಚ್‌ಎಸ್ ನರ್ಸಿಂಗ್ ಪಾಲು ಮಾತ್ರ ಕೊಡುತ್ತಿದ್ದರೂ ನಿಲ್ಲುವುದಿಲ್ಲ. ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ಅಂತ ಎನ್‌ಎಚ್‌ಎಸ್ ಪೂರ್ತಿ ಖರ್ಚು ವಹಿಸಿಕೊಂಡರೆ ಮಾತ್ರ 28 ದಿನದ ನಂತರ ನಿಲ್ಲುತ್ತದೆ. ನಮಗೆ ಗೊತ್ತಿರುವ ಒಂದು ಕುಟುಂಬ, ಪೂರ್ತಿ ಸ್ವಂತ ದುಡ್ಡಿನಲ್ಲಿ ಅಪ್ಪನನ್ನು ಇಟ್ಟಿದ್ದವರು, ಹೋಮಿನ ಮ್ಯಾನೇಜರ್ ಮಾತು ಕೇಳಿ ತಾವಾಗಿಯೇ ಅಲೋವೆನ್ಸ್ ನಿಲ್ಲಿಸಿಬಿಟ್ಟಿದ್ದರು. ವಾರಕ್ಕೆ ನೂರು ಪೌಂಡಿನ ಮೇಲೆ ಸುಮ್ಮಸುಮ್ಮನೆ ಕೈಬಿಟ್ಟ ಹಾಗಾಯಿತು.

ಅತ್ತೆಯದು ನಡುವಿನ ಸ್ಥಿತಿ. ಬ್ಯಾಂಕಿನಲ್ಲಿ ಹೆಚ್ಚಿಲ್ಲ, ಮನೆ ಇದೆ. ಕಾಯಂ ಸೇರಿದ ಮೊದಲ 12 ವಾರ ಮನೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೌನ್ಸಿಲ್ ಸಹಾಯ ಮಾಡುತ್ತದೆ, ಅದರಿಂದಲೇ ಅಲೋವೆನ್ಸ್ ನಿಲ್ಲುವುದು. ಆಮೇಲೆ ಮನೆ ಮಾರದೆ, ಕೌನ್ಸಿಲ್ ಕೊಟ್ಟ ಹಣವನ್ನು ಮುಂದೆ ಮನೆಯಿಂದ ತೀರಿಸುವ ಡಿಫರ್ಡ್ ಪೇಮೆಂಟ್ ಕರಾರು ಮಾಡಿಕೊಂಡೆವು. ಕೊನೆಗೆ ಪೂರ್ತಿ ದುಡ್ಡು ನಮ್ಮದೇ ಆಗುವುದರಿಂದ ಆ ಕರಾರು ಶುರುವಾದ ದಿನದಿಂದ ಅಲೋವೆನ್ಸ್ ಮತ್ತೆ ಸಿಗಬೇಕು. ಕೌನ್ಸಿಲ್‌ನ ಯಾರೊಬ್ಬರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೇಳಿದಾಗಲೂ "ಹೋಮಿನಲ್ಲಿ ಇರುವವರಿಗೆ ಇಲ್ಲ" ಅಂದರು. ಪಾವತಿ ನಿಂತಿದ್ದರೂ ಅರ್ಹತೆ ಉಳಿದಿರುತ್ತದೆ. ನಾವು ಡಿಡಬ್ಲ್ಯೂಪಿಗೆ ಕರಾರಿನ ಪ್ರತಿ ಕಳಿಸಿದೆವು, ಹಣ ಮತ್ತೆ ಶುರುವಾಯಿತು. ಇಂಥ ಅನುಕೂಲದ ಬದಲಾವಣೆಯನ್ನೂ ಒಂದು ತಿಂಗಳೊಳಗೇ ತಿಳಿಸಿ, ತಡವಾದರೆ ಹಿಂದಿನದು ಕೈತಪ್ಪಬಹುದು.

ನಮ್ಮವರಿಗೆ ಮಾತ್ರ ಎದುರಾಗುವ ಒಂದು ವಿಷಯವೂ ಇದೆ. ಮೈಸೂರಿನ ಸೈಟು, ಊರಿನ ಮನೆ, ಎನ್‌ಆರ್‌ಓ ಖಾತೆಯ ಎಫ್‌ಡಿ, ಇವು ಹಿರಿಯರ ಹೆಸರಿನಲ್ಲಿದ್ದರೆ ಕೌನ್ಸಿಲ್ ಲೆಕ್ಕಕ್ಕೆ ಬರುತ್ತವೆ. ಮುಚ್ಚಿಡಬೇಡಿ, ಮೊದಲೇ ಹೇಳಿ. ಗಂಡನೋ ಹೆಂಡತಿಯೋ ಇನ್ನೂ ಇಲ್ಲಿನ ಮನೆಯಲ್ಲೇ ವಾಸವಿದ್ದರೆ ಆ ಮನೆಯನ್ನು ಮುಟ್ಟುವ ಹಾಗಿಲ್ಲ. ಊರಿನಿಂದ ಅಡಲ್ಟ್ ಡಿಪೆಂಡೆಂಟ್ ರೆಲೆಟಿವ್ ವೀಸಾದಲ್ಲಿ ಕರೆಸಿಕೊಂಡ ಅಪ್ಪ ಅಮ್ಮನಿಗೆ, ಅವರ ಖರ್ಚು ನಮ್ಮದೇ ಅಂತ ನೀವು ಬರೆದುಕೊಟ್ಟ ಮುಚ್ಚಳಿಕೆಯ ಐದು ವರ್ಷ ಮುಗಿಯದಿದ್ದರೂ ಈ ಅಲೋವೆನ್ಸಿಗೆ ಅರ್ಜಿ ಹಾಕಲು ಆ ಮುಚ್ಚಳಿಕೆ ಅಡ್ಡಿಯಲ್ಲ. ಪಿಐಪಿ (ಅಂಗವೈಕಲ್ಯ, ದೀರ್ಘಕಾಲದ ಕಾಯಿಲೆ ಇರುವವರಿಗೆ ಕೊಡುವ ಇನ್ನೊಂದು ಭತ್ಯೆ) ಇರುವವರಿಗೆ ಕೌನ್ಸಿಲ್ ಖರ್ಚಿನಲ್ಲಿ ಹೋಮ್ ಸೇರಿದಾಗ ನಿಲ್ಲುವುದು ಡೈಲಿ ಲಿವಿಂಗ್ ಭಾಗ ಮಾತ್ರ, ಮೊಬಿಲಿಟಿ ಭಾಗ ಬರುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನ ವ್ಯವಸ್ಥೆ ಬೇರೆ. ಅಲ್ಲಿ ಪೆನ್ಷನ್ ಏಜ್ ಡಿಸೆಬಿಲಿಟಿ ಪೇಮೆಂಟ್ ಅಂತಿದೆ, ಸ್ವಂತ ಖರ್ಚಿನವರಾದರೂ ಉಚಿತ ಪರ್ಸನಲ್ ಕೇರ್ ಪಡೆದರೆ 28 ದಿನದ ನಂತರ ನಿಲ್ಲುತ್ತದೆ. ನನ್ನ ಮಾತನ್ನು ಅಲ್ಲಿಗೆ ಅನ್ವಯಿಸಬೇಡಿ.

ನಾದಿನಿಯ ಬಾಕಿ ಮಾತ್ರ ತೀರಿಲ್ಲ. ಅಮ್ಮನನ್ನು ನೋಡಿಕೊಳ್ಳಲು ಕೆಲಸದ ಗಂಟೆ ಕಡಿಮೆ ಮಾಡಿಕೊಂಡಿದ್ದವಳು ಈಗ ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದಾಳೆ. ಕೌನ್ಸಿಲ್ ಹಿಂದಿರುಗಿಸಿದ್ದರಲ್ಲಿ ಅವಳ ಪಾಲು ಏನೂ ಇರಲಿಲ್ಲ. ಆದ್ದರಿಂದ ನಿಮ್ಮಲ್ಲಿ ಯಾರಾದರೂ ಕೇರರ್ಸ್ ಅಲೋವೆನ್ಸ್ ಪಡೆಯುತ್ತಿದ್ದರೆ, ಹಿರಿಯರು ಆಸ್ಪತ್ರೆ ಸೇರಿದ ವಾರವೇ ಎರಡು ಬೇರೆ ಬೇರೆ ಫೋನ್ ಮಾಡಿ. ಅಟೆಂಡೆನ್ಸ್ ಅಲೋವೆನ್ಸ್ ವಿಭಾಗ ಒಂದು, ಕೇರರ್ಸ್ ಅಲೋವೆನ್ಸ್ ವಿಭಾಗ ಇನ್ನೊಂದು. ಯಾವ ತಾರೀಖು, ಎಷ್ಟು ಹೊತ್ತಿಗೆ, ಯಾರ ಜೊತೆ ಮಾತಾಡಿದಿರಿ ಅಂತ ಬರೆದಿಟ್ಟುಕೊಂಡು, ಅದನ್ನೇ ಎರಡೂ ಕಡೆಗೆ ಕಾಗದದಲ್ಲೂ ಕಳಿಸಿ.