ಬ್ಯಾಕಪ್ ಓಡುವಾಗಲೂ ಕಾಲ್ ಕೇಳಬೇಕು: ನಾಲ್ಕು ಶೆಡ್ಯೂಲರ್ ಹಾಕಿ ನೋಡಿದೆ

ನನ್ನ ಅಪ್‌ಲೋಡ್ 10 ಎಂಬಿಪಿಎಸ್. ಫೋಟೋ ಬ್ಯಾಕಪ್ ಶುರುವಾದರೆ ಸಾಕು, ವಿಡಿಯೋ ಕಾಲ್‌ನಲ್ಲಿ ಮಾತು ತುಂಡು ತುಂಡಾಗುತ್ತಿತ್ತು. ಲಿನಕ್ಸ್ ಇರುವ ಹಳೇ ರೂಟರ್‌ನಲ್ಲಿ ಒಂದೊಂದೇ ಶೆಡ್ಯೂಲರ್ ಹಾಕಿ ನೋಡಿದೆ. ಹೊರಗೆ ಹೋಗಲು ಸಾಲಿನಲ್ಲಿ ಕಾಯುವ ಪ್ಯಾಕೆಟ್‌ಗಳಲ್ಲಿ (ಡೇಟಾದ ಸಣ್ಣ ತುಂಡುಗಳಲ್ಲಿ) ಯಾವುದು ಮೊದಲು ಹೊರಡಬೇಕು ಎಂದು ತೀರ್ಮಾನಿಸುವುದೇ ಶೆಡ್ಯೂಲರ್. ಮೊದಲ ದಿನ ಯಾವುದು ಹಾಕಿದರೂ ಅಷ್ಟೇ. ಆಮೇಲೆ ಗೊತ್ತಾಯ್ತು, ಸಾಲು ಬೆಳೆಯುತ್ತಿದ್ದುದು ರೂಟರ್‌ನಲ್ಲಲ್ಲ, ಅದರಾಚೆಯ ಮೋಡೆಮ್‌ನಲ್ಲಿ! ರೂಟರ್ ಕಳಿಸುವ ವೇಗವನ್ನು 9 ಎಂಬಿಪಿಎಸ್‌ಗೆ ಇಳಿಸಿದ ಮೇಲೆಯೇ ಸಾಲು ನನ್ನ ಕೈಗೆ ಬಂತು.

ಫೈಫೋ ಅಂದರೆ ಮೊದಲು ಬಂದವರು ಮೊದಲು. ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ? ಲೆಕ್ಕ ಹಾಕಿ. ಸಾಲಿನಲ್ಲಿ 1000 ಪ್ಯಾಕೆಟ್‌ಗೆ ಜಾಗ, ಒಂದೊಂದೂ 1500 ಬೈಟ್. ಬ್ಯಾಕಪ್ ಅದನ್ನು ತುಂಬಿಸಿದರೆ 12 ಮೆಗಾಬಿಟ್. ಅದು ಖಾಲಿಯಾಗಲು 1.3 ಸೆಕೆಂಡ್ ಬೇಕು. ನನ್ನ ‘ಹಲೋ’ ಇರುವ ಪುಟ್ಟ ಪ್ಯಾಕೆಟ್ ಅಷ್ಟೂ ಹೊತ್ತು ಬಾಲದಲ್ಲಿ ನಿಂತಿರಬೇಕು. ಪಿಂಗ್, ಅಂದರೆ ಒಂದು ಪ್ಯಾಕೆಟ್ ಹೋಗಿ ಉತ್ತರ ಬರುವ ಹೊತ್ತು, ಸಾವಿರ ಮಿಲಿಸೆಕೆಂಡ್ ದಾಟಿದ್ದು ಸುಮ್ನೆ ಅಲ್ಲ.

ಮುಂದೆ ಪ್ರಯಾರಿಟಿ ಕ್ಯೂ. ಮೇಲಿನ ಸಾಲಿನಲ್ಲಿ ಒಂದು ಪ್ಯಾಕೆಟ್ ಇದ್ದರೂ ಕೆಳಗಿನದು ಅಲ್ಲಾಡುವುದಿಲ್ಲ. ಕಾಲ್‌ನ ಮಾತು ಹೋಗುವುದು ಯುಡಿಪಿ ಎಂಬ ಸಾಗಣೆ ವಿಧಾನದಲ್ಲಿ. ನಾನು ಸೋಮಾರಿತನದಿಂದ ಯುಡಿಪಿ ಎಲ್ಲವನ್ನೂ ಮೇಲಿನ ಸಾಲಿಗೆ ಹಾಕಿದೆ. ಕಾಲ್ ಅದ್ಭುತವಾಗಿತ್ತು, ಎರಡು ದಿನ. ಮೂರನೇ ದಿನ ಬ್ರೌಸರ್‌ನಿಂದ ದೊಡ್ಡ ಫೈಲ್ ಏರಿಸಿದೆ. ಅದು ಹೋದದ್ದು ಬ್ರೌಸರ್‌ಗಳು ಬಳಸುವ ಕ್ವಿಕ್ ಎಂಬ ವಿಧಾನದಲ್ಲಿ, ಕ್ವಿಕ್ ಓಡುವುದೇ ಯುಡಿಪಿ ಮೇಲೆ. ಕಾಲ್ ಕೆಟ್ಟಿತು, ಕೆಳಗಿನ ಸಾಲಿನಲ್ಲಿದ್ದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಸಂಪರ್ಕ) ಪೂರ್ತಿ ನಿಂತೇಹೋಯಿತು. ತಪ್ಪು ನನ್ನ ರೂಲ್‌ನದೇ. ಆದರೆ ಇಂಥ ರೂಲ್‌ಗಳನ್ನು ದಿನಾ ಕಾಯುತ್ತಾ ಕೂರುವವರು ಯಾರು?

ಮೂರನೇ ಶೆಡ್ಯೂಲರ್ ಎಫ್‌ಕ್ಯೂ-ಕೋಡೆಲ್. ಅದಕ್ಕೆ ಒಂದು ರೂಲ್ ಕೂಡ ಬರೆಯಲಿಲ್ಲ. ಡೀಫಾಲ್ಟ್ ಆಗಿ 1024 ಸಾಲುಗಳಿರುತ್ತವೆ. ಪ್ರತಿ ಸಂಪರ್ಕವೂ ಹ್ಯಾಶ್ (ಅದರ ವಿಳಾಸಗಳಿಂದ ಲೆಕ್ಕ ಹಾಕಿದ ಸಂಖ್ಯೆ) ಪ್ರಕಾರ ಒಂದರಲ್ಲಿ ಬೀಳುತ್ತದೆ, ಸರದಿಯಲ್ಲಿ ಒಂದಿಷ್ಟು ಬೈಟ್ ಕಳಿಸುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ಪ್ಯಾಕೆಟ್‌ಗೆ ಮೊದಲ ಅವಕಾಶ. ಮಾತಿನ ಪ್ಯಾಕೆಟ್ ಅಂಥದ್ದೇ! ಕೋಡೆಲ್ ಭಾಗ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೊಟ್ಟಿದ್ದು. ಅದು ಸಾಲಿನ ಉದ್ದ ನೋಡುವುದಿಲ್ಲ, ಕಾದ ಹೊತ್ತು ನೋಡುತ್ತದೆ. ಕಾಯುವಿಕೆ 100 ಮಿಲಿಸೆಕೆಂಡ್‌ವರೆಗೂ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದಿದ್ದರೆ ಪ್ಯಾಕೆಟ್ ಬಿಸಾಡಲು ಶುರು ಮಾಡುತ್ತದೆ. ಅದನ್ನು ಕಂಡು ಬ್ಯಾಕಪ್ ತಾನೇ ನಿಧಾನವಾಗುತ್ತದೆ. ಬ್ಯಾಕಪ್ ಓಡುತ್ತಿದ್ದರೂ ಪಿಂಗ್ ಖಾಲಿ ಲೈನಿನ ಹತ್ತಿರವೇ ಇತ್ತು.

ಇದರ ಕೊರತೆ ಕಂಡಿದ್ದು ಟೊರೆಂಟ್ ಹಾಕಿದಾಗ. ಐವತ್ತು ಸಂಪರ್ಕ ತೆರೆದವನಿಗೆ ಐವತ್ತು ಸರದಿ! 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ ನಾಲ್ಕನೇ ಶೆಡ್ಯೂಲರ್ ಕೇಕ್ ಇದಕ್ಕೆ ಮದ್ದು. ಅದು ಮೊದಲು ಯಂತ್ರಗಳ ನಡುವೆ ಪಾಲು ಮಾಡುತ್ತದೆ, ಆಮೇಲೆ ಸಂಪರ್ಕಗಳ ನಡುವೆ. ವೇಗ ಕಡಿಮೆ ಮಾಡುವ ಕೆಲಸವೂ ಅದರೊಳಗೇ ಇದೆ. ಆದರೆ ಸಿಪಿಯು ಜಾಸ್ತಿ ತಿನ್ನುತ್ತದೆ. ವೇಗದ ಡೌನ್‌ಲೋಡ್ ಕಡೆ ಹಾಕಿದಾಗ ನನ್ನ ಹಳೇ ರೂಟರ್ ಏದುಸಿರು ಬಿಟ್ಟಿತು. ಸದ್ಯ ಅಪ್‌ಲೋಡ್‌ಗೆ ಕೇಕ್, ಡೌನ್‌ಲೋಡ್‌ಗೆ ಎಫ್‌ಕ್ಯೂ-ಕೋಡೆಲ್. ಪ್ರಯಾರಿಟಿ ರೂಲ್‌ಗಳನ್ನೆಲ್ಲ ಅಳಿಸಿದ್ದೇನೆ.